ಬೀಗರ ಹಾಡಿಗೆ ಉತ್ತರ

ಕರಿಹೊಳೆಯ ಮಠವೆಂದರೆ ಆಗ ಎರಡು ಅಂಕಣದ ಮಣ್ಣಿನ ಮನೆ. ಪೂಜ್ಯ ಗುರುಪಾದ ಶಿವಯೋಗಿಗಳು, ಭಕ್ತರ ಬಾಯಲ್ಲಿ ಅಜ್ಜಾರು, ಅಂದು ಮುಂಜಾನೆ ದಾಸೋಹದ ಹಂಡೆಯನ್ನು ತಾವೇ ಬೂದಿ ಹಾಕಿ ತಿಕ್ಕುತ್ತಿದ್ದರು. ಸ್ವಾಮಿಗಳು ಪಾತ್ರೆ ತಿಕ್ಕುವುದೇ ಎಂದು ಹುಬ್ಬೇರಿಸುವವರು ಆಗಲೂ ಇದ್ದರು. ಅವರ ಮಾತು ಬಿಡಿ, ಅವರಿಗೆ ಮಾತೇ ಕೆಲಸ.

ಆ ಹೊತ್ತಿಗೆ ಹೆಡ್‌ಮಾಸ್ತರ ಅಡಿವೆಪ್ಪನವರು ತಾಯಿ ನೀಲಗಂಗವ್ವನವರನ್ನು ಕೈಹಿಡಿದು ಕರೆತಂದರು. ಹಿಂದೆ ಅವರ ಹೆಂಡತಿ ಕಾಶವ್ವ, ಕೈಯಲ್ಲಿ ಬುತ್ತಿ. ಮಾಸ್ತರರಿಗೆ ಮಠ, ಸ್ವಾಮಿಗಳು ಎಂದರೆ ಅಷ್ಟಕ್ಕಷ್ಟೇ. ಹೆಂಡತಿಯ ಕಾಟ ತಾಳಲಾರದೆ ಬಂದಿದ್ದರು. ಎಪ್ಪತ್ತೆಂಟರ ಆ ತಾಯಿಗೆ ಮರೆವು ಹತ್ತಿ ಎರಡು ವರ್ಷ. ಈಗ ಸೊಸೆಯನ್ನೇ ಯಾರೋ ಪರಕೀಯಳೆಂದು ತಿಳಿದು ಅವಳ ಕೈಯ ಅನ್ನ ಮುಟ್ಟುತ್ತಿರಲಿಲ್ಲ. ನಾಲ್ಕು ದಿನದಿಂದ ಹೊಟ್ಟೆಗೆ ಹೋದದ್ದು ಮಗ ಗದರಿಸಿ ಕುಡಿಸಿದ ಮಜ್ಜಿಗೆ ಮಾತ್ರ. ಹೀಗೇ ಆದರೆ ಹೆಚ್ಚು ದಿನ ಉಳಿಯಲಾರರು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ಗದ್ದಲ ಆಗಬಾರದಂತ ಮನ್ಯಾಗಿನ ರೇಡಿಯೋ ಸೈತ ಬಂದ್ ಮಾಡೀನ್ರಿ. ನಾನ್ಯಾರು, ಇಕಿ ಯಾರು, ಇದು ಯಾವ ಊರು ಅಂತ ದಿನಾ ಮುಂಜಾನೆ ಕೇಳ್ತೀನಿ. ಒಂದಕ್ಕೂ ಉತ್ತರ ಇಲ್ಲ," ಎಂದರು ಮಾಸ್ತರರು. ಬಾಯಿ ತಡೆಯದೆ, "ನಿಮ್ಮ ಕಡೆ ಬೂದಿ ಬಿಟ್ರ ಮತ್ತೇನೈತ್ರಿ?" ಎಂದೂ ಅಂದರು.

ಅಜ್ಜಾರು ತಮ್ಮ ಬೂದಿಗೈಯನ್ನು ನೋಡಿಕೊಂಡು ನಕ್ಕರು. "ಇದು ಹಂಡೇಕ್ಕಷ್ಟ ಸಾಕು," ಎಂದು ಕೈ ತೊಳೆದುಕೊಂಡು ಕಾಶವ್ವನತ್ತ ತಿರುಗಿದರು. "ನಿಮ್ಮತ್ತಿ ಮೊದಲ ಏನ ಹಾಡ್ತಿದ್ದರವ್ವಾ?"

"ಬೀಗರ ಹಾಡ್ರಿ ಅಜ್ಜಾರ. ಇವರ ಮುಂದ ಗೆದ್ದಾಕಿನ ಇಲ್ಲ. ನನ್ನ ಲಗ್ನದಾಗ ನಮ್ಮವ್ವನ್ನ ಅಳಿಸಿಬಿಟ್ಟಿದ್ರು."

ಮದುವೆಯ ಊಟದ ಪಂಕ್ತಿಯಲ್ಲಿ ಎರಡೂ ಕಡೆಯ ಹೆಂಗಸರು ಹೆಸರು ಹಿಡಿದು ಹಾಡಿನಲ್ಲಿ ಹಂಗಿಸುವ ಪದ್ಧತಿ ನಮ್ಮ ಕಡೆ ಉಂಟಷ್ಟೆ. ಬೈದ ಹಾಡಿಗೆ ಹಾಡಿನಲ್ಲೇ ಉತ್ತರ ಕೊಡದೆ ಎದ್ದರೆ ಮನೆತನದ ಮಾನ ಹೋದಂತೆ.

"ಹಂಗಾರ ಈಗ ಬೈಯವ್ವಾ," ಎಂದರು ಅಜ್ಜಾರು.

ಮಾಸ್ತರರ ಮುಖ ಕೆಂಪಾಯಿತು. ಕಾಶವ್ವ ಸೆರಗು ಹೊದ್ದು, ಅತ್ತೆಯ ಎದುರು ಕೂತು ಸಣ್ಣ ದನಿ ತೆಗೆದಳು:

"ಬಂಡಿ ಕಟ್ಟಿಕೊಂಡು ಬೀಗರು ಬಂದಾರ
ಬಂಡ್ಯಾಗ ನೋಡಿದರ ಬರಿಹೊಟ್ಟು, ನೀಲಗಂಗಿ
ಉಡಿಯಾಗ ತಂದಾಳ ಒಣರೊಟ್ಟಿ."

ಬಗ್ಗಿದ್ದ ತಲೆ ಮೇಲೆದ್ದಿತು. ನೀಲಗಂಗವ್ವನವರು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತೊಡೆ ತಟ್ಟಿಕೊಂಡು, ಒಡಕು ದನಿಯಲ್ಲಿ ಧಾಟಿ ಮಾತ್ರ ಕೂದಲೆಳೆಯಷ್ಟೂ ತಪ್ಪದಂತೆ ಹಾಡಿದರು:

"ಹುಣಸಿಕಟ್ಟಿಯವರು ಹೋಳಿಗಿ ಬಡಿಸ್ಯಾರ
ಹೂರಣ ಎಲ್ಲೈತಿ ಹುಡುಕೇನ, ಕಾಶವ್ವ
ದೀಪ ತಾರವ್ವ ದೊಡ್ಡದು."

ಹುಣಸಿಕಟ್ಟಿ ಕಾಶವ್ವನ ತವರು. ತನ್ನ ಹೆಸರನ್ನು ಅತ್ತೆಯ ಬಾಯಲ್ಲಿ ಕೇಳಿ ಎಷ್ಟು ತಿಂಗಳಾಗಿತ್ತೋ, ಆಕೆ ಮುಖ ಮುಚ್ಚಿಕೊಂಡು ಅತ್ತಳು.

"ಅತ್ತುಬಿಟ್ಟಿ, ಅಂದ್ರ ಸೋತಿ," ಎಂದರು ಮುದುಕಿ, ಬಲು ಖುಷಿಯಿಂದ. "ತಗಿ ನಿನ್ನ ಬುತ್ತಿ. ಏನ ತಂದೀ ನೋಡೂನು."

ರೊಟ್ಟಿ, ಪುಂಡಿಪಲ್ಯ. ಸೊಸೆಯ ಕೈಯಿಂದಲೇ ಒಂದೂವರೆ ರೊಟ್ಟಿ ಉಂಡರು. ಶಿವಶಿವಾ, ನೋಡಿದವರ ಎದೆ ಹಗುರಾಯಿತು.

ಮಾಸ್ತರರು ಓಡಿಬಂದು ತಾಯಿಯ ಮುಂದೆ ಕುಕ್ಕರಿಸಿದರು. "ಯವ್ವಾ, ನಾನ್ಯಾರು—"

ಅಜ್ಜಾರು ಅವರ ಹೆಗಲ ಮೇಲೆ ಕೈಯಿಟ್ಟರು. "ಮಾಸ್ತರ, ಪರೀಕ್ಷಾ ಸಾಕು ಮಾಡ್ರಿ. ಮರೆತದ್ದೆಲ್ಲಾ ಬರತೈತಂತ ನಾ ಹೇಳಂಗಿಲ್ಲ. ಪಂಕ್ತ್ಯಾಗ ಕುಂದರ್ರಿ."

ಮಾಸ್ತರರು ತಾಯಿಯ ಪಕ್ಕ ನೆಲದ ಮೇಲೆ ಕೂತರು. ಆ ತಾಯಿ ಅವರನ್ನು ಬಹಳ ಹೊತ್ತು ನೋಡಿ ಕೇಳಿದರು: "ನೀ ಯಾರ ಕಡಿಯಾಂವಪ್ಪಾ?"

"ನಿನ್ನ ಕಡಿಯಾಂವ, ಯವ್ವಾ."

"ಮತ್ತ ಬಾಯಿ ಮುಚ್ಚಿಕೊಂಡು ಕುಂತೀ ಯಾಕ? ದನಿಗೂಡಿಸು."

ಮಾಸ್ತರರಿಗೆ ಹಾಡೆಂಬುದು ಒಂದಕ್ಷರ ಬಾರದು. ಕಣ್ಣೀರು ಒರೆಸಿಕೊಳ್ಳುತ್ತ, ಅಜ್ಜಾರ ಮುಂದೆ, ತಾಯಿ ಹೇಳಿಕೊಟ್ಟಂತೆ ಹಾಡಿದರು.