ಹಲ್ಲಿನ ಬೇರು ಉಳಿಸಿದ ಮೌನಾಚಾರಿ

ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡದ ಕಾಲ. ಕರಿಬಂಡೆಗಳ ಬುಡದಲ್ಲಿ ಹುಳಿದೊಣೆ ಅಂತ ಒಂದೂರು. ಆ ಊರಲ್ಲಿ ಮೌನಾಚಾರಿ ಅಂತ ಒಬ್ಬ ಅಕ್ಕಸಾಲಿ ಇದ್ದನಂತೆ. ಕೂತ್ಕೊಳ್ಳಿ ಮಕ್ಕಳೇ, ನಾನು ಕೇಳಿದ್ದನ್ನ ಕೇಳಿದ ಹಾಗೇ ಹೇಳ್ತೀನಿ.

ಊರ ತುಂಬ ಹುಣಸೆಮರ. ಕಾಯಿ ಬಂತು ಅಂದರೆ ಮನೆಮನೆ ಜಗಲಿ ಮೇಲೆ ಹೆಂಗಸರು ಹುಣಸೆ ಕುಟ್ಟೋರು, ಬೀಜ ಬಿಡಿಸೋರು, ನಡುನಡುವೆ ಬಾಯಿಗೊಂದು ಚೂರು ಹಾಕ್ಕೊಳ್ಳೋರು. ಬಾಯೆಲ್ಲ ಹುಳಿ ಆದ ಮೇಲೆ ಇಟ್ಟಿಗೆ ಪುಡಿ ತಗೊಂಡು ಹಲ್ಲು ತಿಕ್ಕೋರು. ಹಲ್ಲು ಫಳಫಳ ಹೊಳೀತಿದ್ದವಂತೆ. ಆದರೆ ಮೂರು ಮಕ್ಕಳಾಗೋದರೊಳಗೆ ತಣ್ಣೀರು ತಾಗಿದರೆ ಸಾಕು, ಜುಮ್ಮಂತ ನೆತ್ತಿಗೆ ಹತ್ತೋದು. ಬಂಡೆಯ ದೊಣೆಯಲ್ಲಿ ಅಷ್ಟು ತಂಪಾದ ನೀರಿದ್ದರೂ ಬಿಸಿಲಿಗಿಟ್ಟು ಬೆಚ್ಚಗೆ ಮಾಡ್ಕೊಂಡು ಕುಡಿಯೋರಂತೆ. ಊರಮ್ಮನ ಶಾಪ ಅಂತ ನಂಬಿದ್ದರು. ತಡೆಯಲಾರದ ನೋವಾದರೆ ಇದ್ದದ್ದು ಒಂದೇ ದಾರಿ, ಇಕ್ಕಳ.

ಮೌನಾಚಾರಿಯ ಹೆಂಡತಿ ಕಾಳಮ್ಮನಿಗೂ ದವಡೆ ಹಲ್ಲು ನೋವು ಬಂತು. ಕೀಳೋನು ಬಂದ. ಅವಳ ತಲೆ ಅಲ್ಲಾಡದ ಹಾಗೆ ಗಂಡನೇ ಎರಡೂ ಕೈಲಿ ಹಿಡ್ಕೊಂಡ. ಹಲ್ಲು ಮುರೀತು, ಬೇರು ಒಳಗೇ ಉಳೀತು. ಕೆನ್ನೆ ಊದಿತು, ಕತ್ತು ಊದಿತು, ಐದನೇ ದಿನಕ್ಕೆ ಕಾಳಮ್ಮ ಹೋಗಿಬಿಟ್ಟಳು. ಆಮೇಲೆ ಎಷ್ಟೋ ದಿನ ಅವನು ತನ್ನ ಕೈಗಳನ್ನೇ ನೋಡ್ತಾ ಕೂತಿರೋನಂತೆ.

ಒಂದು ದಿನ ಎದ್ದು ಮನೆಮನೆಗೆ ಹೋಗಿ, ಕಿತ್ತ ಹಲ್ಲಿದ್ದರೆ ಕೊಡಿ ಅಂತ ಕೇಳಿದನಂತೆ. ಹುಚ್ಚು ಹಿಡೀತು ಅಂದರು ಜನ. ಅವನು ಒಡವೆ ಕೊಯ್ಯೋ ಸಣ್ಣ ಗರಗಸ ತಗೊಂಡು ಒಂದೊಂದೇ ಹಲ್ಲು ಸೀಳಿ ನೋಡಿದ. ಹಲ್ಲು ಕಲ್ಲಲ್ಲ! ಒಳಗೆ ಪೊಳ್ಳು, ಆ ಪೊಳ್ಳಿನಿಂದ ಬೇರಿನ ತುದಿವರೆಗೂ ಕೂದಲೆಳೆಯಂಥ ದಾರಿ. ಹಲ್ಲಿನ ಜೀವ ಇರೋದು, ನೋವು ಮಲಗಿರೋದು ಅಲ್ಲೇ ಅಂತ ಗೊತ್ತಾಯ್ತು. ಹುಣಸೆ ತಿಂದೋರ ಹಲ್ಲಿನಲ್ಲಿ ಮೇಲಿನ ಗಟ್ಟಿ ಪದರ ಸವೆದು ಸವೆದು, ಸವೆತ ಆ ಜೀವದ ಹತ್ತಿರಕ್ಕೇ ಬಂದಿತ್ತು.

ಊರೋರನ್ನ ಕರೆದು ಹೇಳಿದನಂತೆ, ಇದು ಅಮ್ಮನ ಶಾಪ ಅಲ್ಲ, ನಮ್ಮ ಕೈಯಾರೆ ಮಾಡ್ಕೊಂಡಿದ್ದು. ಹುಳಿ ತಿಂದರೆ ಬರೀ ನೀರಲ್ಲಿ ಮುಕ್ಕಳಿಸಿ, ಆಗಲೇ ತಿಕ್ಕಬೇಡಿ. ಇಟ್ಟಿಗೆ ಪುಡಿ ಬಿಡಿ, ಬೇವಿನ ಕಡ್ಡಿ ಮೆತ್ತಗೆ ಅಗಿದು ಮೆಲ್ಲಗೆ ಆಡಿಸಿ. ಕೇಳಿದೋರಲ್ಲಿ ಎಷ್ಟೋ ಜನಕ್ಕೆ ಅಷ್ಟರಿಂದಲೇ ಜುಮ್ಮೆನ್ನೋದು ತಗ್ಗಿತಂತೆ. ಆದರೆ ಒಳಗಿನ ಜೀವಕ್ಕೇ ಕೀವು ಹತ್ತಿದೋರಿಗೆ?

ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳು, ಸೋಬಾನೆ ಹಾಡೋಳು. ಅವಳು ಹಾಡದೆ ಏಳು ಹಳ್ಳಿಯಲ್ಲಿ ಒಂದು ಮದುವೆಯೂ ಆಗ್ತಿರಲಿಲ್ಲವಂತೆ. ಅವಳ ಮುಂದಿನ ಹಲ್ಲಿಗೆ ಮೊದಲು ತಣ್ಣೀರು ಆಗದ ಹಾಗಾಯ್ತು, ಆಮೇಲೆ ಬಿಸಿಯೂ ಆಗಲಿಲ್ಲ, ಕೊನೆಗೆ ಸುಮ್ಮನಿದ್ದರೂ ಮಿಡಿಯೋಕೆ ಶುರುವಾಯ್ತು. ಒಸಡು ಊದಿತು. ಕೀಳಿಸಿಬಿಡು ಅಂದರು ಎಲ್ಲರೂ. ಅವಳು ಸೀದಾ ಮೌನಾಚಾರಿಯ ಅಂಗಡಿಗೆ ಬಂದಳು.

“ಆಚಾರಣ್ಣ, ಮುಂದಿನ ಹಲ್ಲು ಹೋದರೆ ಮಾತಲ್ಲಿ ಗಾಳಿ ಹೋಗುತ್ತೆ. ಹಾಡು ಬಿಟ್ಟು ನಾನು ಏನು ಮಾಡ್ಲಿ?”

“ಸತ್ತ ಹಲ್ಲಿನೊಳಗೆ ತಂತಿ ಇಳಿಸಿ ತೊಳೆದು ಕೈ ಪಳಗಿದೆ ತಾಯಿ. ಬದುಕಿರೋ ಹಲ್ಲು ಮುಟ್ಟಿಲ್ಲ. ನನಗೆ ಹೆದರಿಕೆ.”

“ಕಾಳಮ್ಮ ಇದ್ದು, ಅವಳ ಹಲ್ಲಾಗಿದ್ದರೆ ಮಾಡ್ತಿದ್ದೆಯಾ?”

ಮೌನಾಚಾರಿ ಕೈಲಿದ್ದ ಸಾಮಾನು ಕೆಳಗಿಟ್ಟನಂತೆ. ಆಮೇಲೆ, “ಮಾಡ್ತಿದ್ದೆ” ಅಂದ.

“ಹಾಗಾದರೆ ಮಾಡು” ಅಂದು ಅಲ್ಲೇ ಬಾಯಿ ತೆರೆದು ಕೂತಳು ತಿಪ್ಪಕ್ಕ.

ಬೆಳಕು ಚೆನ್ನಾಗಿರಲಿ ಅಂತ ಬಂಡೆ ಮೇಲೆ ಕೂರಿಸಿದ. ಒಸಡಿಗೆ ಲವಂಗದೆಣ್ಣೆ ಸವರಿದ. ಮಣಿ ತೂತು ಮಾಡೋ ಸಣ್ಣ ಬೈರಿಗೆಯಿಂದ ಹಲ್ಲಿನ ಹಿಂಭಾಗದಲ್ಲಿ ಸಾಸಿವೆಯಷ್ಟು ಬಾಗಿಲು ತೆಗೆದ. ತಿಪ್ಪಕ್ಕ ಬಂಡೆಯನ್ನ ಉಗುರಲ್ಲಿ ಗೀರಿದಳಂತೆ, ಕೂಗಲಿಲ್ಲ. ಕೆಟ್ಟ ನೀರು ಹೊರಗೆ ಬಂತು, ಅವಳ ಕಣ್ಣಲ್ಲೂ ನೀರು ಬಂತು. ಕೂದಲಿಗಿಂತ ಸಣ್ಣಗೆ ಎಳೆದ ಬೆಳ್ಳಿ ತಂತಿಯನ್ನ ಬೇರಿನವರೆಗೂ ಇಳಿಸಿ, ತಿರುಗಿಸಿ, ತೊಳೆದ. ಒಂದೇ ದಿನಕ್ಕೆ ಮುಗಿಸಲಿಲ್ಲ, ಮೂರು ಸಲ ಕರೆದ. ಮೂರನೇ ಸಲ ಒಳಗೆಲ್ಲ ಒಣಗಿದ ಮೇಲೆ ಅರಗು ಕರಗಿಸಿ ತುಂಬಿ, ಮೇಲೆ ಬಂಗಾರದ ತೆಳು ರೇಕು ಒತ್ತಿ ಮುಚ್ಚಿದ. ಆ ಬಂಗಾರ ಕಾಳಮ್ಮನ ತಾಳಿಯ ಗುಂಡಿನದು ಅಂತಾರೆ ಕೆಲವರು. ಅವಳ ಮೂಗುಬೊಟ್ಟಿನದು ಅಂತಾರೆ ಇನ್ನು ಕೆಲವರು. ನಮ್ಮಜ್ಜಿ ಮಾತ್ರ, ಯಾವುದಾದರೂ ಅವಳದೇ ಅಂತಿದ್ದಳು.

ಹದಿನೈದು ದಿನಕ್ಕೆ ಪಕ್ಕದೂರ ಮದುವೆಯಲ್ಲಿ ತಿಪ್ಪಕ್ಕ ಹಾಡಿದಳು. ಒಂದಕ್ಷರವೂ ಸೋರಲಿಲ್ಲ. ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಮೌನಾಚಾರಿ, ಹೆಂಡತಿ ಹೋದ ಮೇಲೆ ಮೊದಲ ಸಲ ಎಲ್ಲರೆದುರು ಅತ್ತನಂತೆ. ಅವತ್ತು ಹೊಟ್ಟೆ ತುಂಬ ಉಂಡನಂತೆ ಕೂಡ.

ಆಮೇಲೆ ಗಾಡಿ ಕಟ್ಕೊಂಡು ಜನ ಬಂದರು. ಪಾಳೇಗಾರನ ಆನೆಯ ದಂತಕ್ಕೂ ತಂತಿ ಇಳಿಸಿದ ಅಂತಾರೆ, ಅದು ಸುಳ್ಳಿರಬೇಕು. ಎಲ್ಲ ಹಲ್ಲೂ ಉಳೀಲಿಲ್ಲ, ಅದನ್ನ ಮುಚ್ಚಿಡಬಾರದು. ಉಳಿಯಲಾರದ್ದನ್ನ ಉಳಿಯಲ್ಲ ಅಂತ ಮೊದಲೇ ಹೇಳ್ತಿದ್ದನಂತೆ. ಇಕ್ಕಳ ಹಿಡಿಯಬೇಕಾಗಿ ಬಂದಾಗ, ಬೇರು ಪೂರಾ ಬಂತಾ ಅಂತ ಎರಡೆರಡು ಸಲ ನೋಡೋನಂತೆ. ಅಷ್ಟು ಮೃದು ಕೈಯ ಮನುಷ್ಯ ನಮ್ಮ ಸೀಮೆಯಲ್ಲಿ ಮತ್ತೆ ಹುಟ್ಟಲಿಲ್ಲ. ಅವನ ಅಂಗಡಿ ಇದ್ದ ಜಾಗದಲ್ಲಿ ಈಗ ಬರೀ ತುಂಬೆ ಗಿಡ.

ಈಗ ಪೇಟೆಯಲ್ಲಿ ಡಾಕ್ಟರಿದ್ದಾರೆ, ಸೂಜಿ ಕೊಟ್ಟು ನೋವೇ ಗೊತ್ತಾಗದ ಹಾಗೆ ಬೇರಿನ ಚಿಕಿತ್ಸೆ ಮಾಡ್ತಾರೆ, ರೂಟ್ ಕೆನಾಲ್ ಅಂತಾರೆ. ನಾನೂ ಹೋದ ವರ್ಷ ಮಾಡಿಸ್ಕೊಂಡೆ. ಆದರೆ ಹುಳಿದೊಣೆಯವರು ಆ ಕುರ್ಚಿ ಮೇಲೆ ಒರಗಿದಾಗ, ಬಾಯಿ ತೆರೆಯೋ ಮುಂಚೆ, “ಆಚಾರಿ, ಕೈ ಮೆತ್ತಗಿರಲಿ” ಅಂತ ಒಂದು ಸಲ ಹೇಳೇ ಹೇಳ್ತಾರೆ. ನಾನೂ ಅಂದೆ. ಡಾಕ್ಟರಮ್ಮ ಚಿಕ್ಕ ಹುಡುಗಿ, ಅದು ಯಾವ ದೇವರು ಅಜ್ಜಿ ಅಂತ ಕೇಳಿದಳು. ದೇವರಲ್ಲ ಕಣಮ್ಮ, ನಿನ್ನ ಕೆಲಸದೋನೇ ಅಂದೆ. ಅವಳು ನನ್ನ ಕೆನ್ನೆ ಮೇಲೆ ಮೆತ್ತಗೆ ಕೈಯಿಟ್ಟಳು.