ಕಾಗೆಯ ಗುಂಡಿ ವ್ಯಾಪಾರ

ಆಲದ ಮರದ ಕಾಗೆಯೊಂದು ಹಳೆಯ ಕಾಲದ ಹಿತ್ತಾಳೆ ಗುಂಡಿಗಳನ್ನು ಕೂಡಿಹಾಕಿ ಆನ್‌ಲೈನಿನಲ್ಲಿ ಮಾರುತ್ತಿತ್ತು. ಒಂದು ಗುಂಡಿಗೆ ಹತ್ತು ಕಡಲೆಕಾಯಿ. ಮಾರುವವರು ತಮಗೆ ಬಂದ ಪ್ರತಿ ಹತ್ತು ಕಾಯಿಯಲ್ಲಿ ಒಂದನ್ನು ಕೆರೆಯ ಹೂಳೆತ್ತುವ ಕೆಲಸಕ್ಕೆ ತೆರಿಗೆಯಾಗಿ ಕೊಡಬೇಕೆಂಬುದು ಆ ಕಾಡಿನ ಕಟ್ಟಳೆ. ಕಾಗೆ ದಿನಾ ಅದೇ ಕೆರೆಯ ನೀರು ಕುಡಿದರೂ ಒಂದು ಕಾಯಿಯನ್ನೂ ಕೊಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಲೆಕ್ಕ ತಪಾಸಣೆಯ ಇರುವೆ ಮರ ಹತ್ತಿ ಬಂದಿತು. ಕಾಗೆ ಗುಂಡಿಗಳ ಮೇಲೆ ರೆಕ್ಕೆ ಹರಡಿತು.

“ಇದು ವ್ಯಾಪಾರವೇ ಅಲ್ಲ, ಸ್ವಾಮಿ,” ಎಂದು ಅದು ಕತ್ತು ಬಗ್ಗಿಸಿ ಹೇಳಿತು. “ಬರೀ ಹವ್ಯಾಸ. ವರ್ಷಕ್ಕೆ ಒಂದೋ ಎರಡೋ ಗುಂಡಿ, ಅದೂ ಸ್ನೇಹಿತರಿಗೆ, ಪುಕ್ಕಟೆ.”

“ಸರಿ, ಹಾಗೆಯೇ ಬರೆದುಕೊಳ್ಳುತ್ತೇನೆ,” ಎಂದಿತು ಇರುವೆ.

ಕಾಗೆಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಫೋನು ಬಂತು. ಕೆರೆಯಾಚೆಯ ಮೈನಾ ಚೌಕಾಸಿಗೆ ಇಳಿದಿತ್ತು: “ಒಂದು ಗುಂಡಿ ಎಂಟು ಕಾಯಿಗೆ ಕೊಡು. ನಿನ್ನ ಹತ್ತಿರ ಇನ್ಯಾರು ಕೊಳ್ಳುತ್ತಾರೆ?”

ಕಾಗೆಗೆ ಮೈಯೆಲ್ಲ ಉರಿಯಿತು. “ಯಾರು ಕೊಳ್ಳುತ್ತಾರೆಯೇ? ಈ ವರ್ಷ ಮುನ್ನೂರು ಗುಂಡಿ ಮಾರಿದ್ದೇನೆ. ಒಂದನ್ನೂ ಹತ್ತಕ್ಕಿಂತ ಕಡಿಮೆಗೆ ಕೊಟ್ಟವನಲ್ಲ, ತಿಳಿದುಕೋ,” ಎಂದು ಇಡೀ ಮರಕ್ಕೆ ಕೇಳುವಂತೆ ಕೂಗಿತು.

“ಹಾಗಾದರೆ ನನಗೆ ಬೇಡ,” ಎಂದು ಮೈನಾ ಫೋನು ಇಟ್ಟಿತು.

ಇರುವೆ ಮೊದಲು ಬರೆದದ್ದನ್ನು ಹೊಡೆದುಹಾಕಿ, ತೆರಿಗೆ ಮುನ್ನೂರು ಕಡಲೆಕಾಯಿ ಎಂದು ಬರೆಯಿತು.

“ಬೇಸರ ಮಾಡಿಕೊಳ್ಳಬೇಡಿ,” ಎಂದಿತು ಇರುವೆ ಮರ ಇಳಿಯುತ್ತಾ. “ಈಗ ಫೋನಿನಲ್ಲಿ ಚೌಕಾಸಿ ಮಾಡಿದ ಗುಂಡಿಗೆ ತೆರಿಗೆಯಿಲ್ಲ. ಅದು ಮಾರಾಟವಾಗಲಿಲ್ಲವಲ್ಲ.”