ಧಾರೆ ಸೀರೆಯ ಕೌದಿ

ಹಿರೇಹಳ್ಳದ ದಂಡೆಯ ಮೇಲೆ ಪೂಜ್ಯ ನಿರ್ವಾಣಜ್ಜನವರ ಮಠ. ಮಠವೆಂದರೆ ಗೋಪುರ, ಪಲ್ಲಕ್ಕಿ ಎಂದು ಕಣ್ಣಮುಂದೆ ತಂದುಕೊಳ್ಳಬೇಡಿ. ಮಣ್ಣಿನ ಮಾಳಿಗೆಯ ಎರಡಂಕಣ, ಒಂದು ಬೇವಿನ ಮರ, ಅಷ್ಟೇ. ಅಜ್ಜನವರು ಪ್ರವಚನ ಹೇಳಿದವರಲ್ಲ, ಪವಾಡ ತೋರಿದವರಂತೂ ಅಲ್ಲವೇ ಅಲ್ಲ. ಪೂಜೆ ಮುಗಿಯಿತೆಂದರೆ ಬೇವಿನ ನೆರಳಲ್ಲಿ ಕುಳಿತು ಕೌದಿ ಹೊಲಿಯುವರು. ಭಕ್ತರು ತಂದೊಪ್ಪಿಸಿದ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಸಣ್ಣ ಸಣ್ಣ ಹೊಲಿಗೆ ಹಾಕಿ, ಹೊದೆಯಲು ಗತಿಯಿಲ್ಲದ ಬಾಣಂತಿಯರ ಮನೆಗೆ ಕಳಿಸುವರು. ಐವತ್ತು ವರ್ಷ ಅದೇ ಅವರ ಜಪ, ಅದೇ ತಪ.

ಆ ವರ್ಷ ಶ್ರಾವಣದಲ್ಲಿ ಅಜ್ಜನವರಿಗೆ ಗಂಟಲಲ್ಲಿ ಅನ್ನ ಇಳಿಯದಾಯಿತು. ಭಕ್ತರು ಪೇಟೆಯ ಡಾಕ್ಟರ್ ಶಂಭುಲಿಂಗ ಕೊಟಗಿಯವರ ಆಸ್ಪತ್ರೆಗೆ ಕರೆದೊಯ್ದು ಎಲ್ಲ ಪರೀಕ್ಷೆ ಮಾಡಿಸಿದರು. ಕೊಟಗಿಯವರದು ದೊಡ್ಡ ಹೆಸರು. ಆದರೆ ಮಠ, ಸ್ವಾಮಿ ಎಂದರೆ ಅಷ್ಟಕ್ಕಷ್ಟೇ. ತಾಯಿ ಗುರುಬಸವ್ವ ಬದುಕಿದ್ದಾಗ ಸೋಮವಾರಕ್ಕೊಮ್ಮೆ ಇಲ್ಲಿಗೆ ಬಂದು ಹೋದರೆ, "ಈ ವಾರ ಅಜ್ಜಾರು ಯಾವ ಗುಳಗಿ ಕೊಟ್ಟರವ್ವಾ?" ಎಂದು ನಗುತ್ತಿದ್ದರು. ಕೆಟ್ಟ ಸುದ್ದಿ ಮನೆಯ ಗಂಡಸರಿಗೆ, ಧೈರ್ಯದ ಮಾತು ರೋಗಿಗೆ ಎಂಬುದು ಅವರ ನಿಯಮ. ಜನ ಇದನ್ನು ದೊಡ್ಡ ಗುಣವೆಂದೇ ಕೊಂಡಾಡುತ್ತಿದ್ದರು. ತಾಯಿಯ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗಲೂ ಅವರು ನಿಯಮ ಮುರಿಯಲಿಲ್ಲ. "ಹುಣ್ಣು ಆಗೇದವ್ವಾ, ಗುಳಗಿಗೆ ಹೋಗತದ" ಎಂದರು. ಏಳು ತಿಂಗಳಿಗೆ ಆಕೆ ತೀರಿಕೊಂಡರು. ಏನೂ ತಿಳಿಯದೆ ನೆಮ್ಮದಿಯಾಗಿ ಹೋದಳೆಂದು ಮಗನಿಗೆ ಸಮಾಧಾನವಿತ್ತು.

ಒಂದೇ ಒಂದು ಕೊರಗು ಉಳಿದಿತ್ತು. ಮುತ್ತೈದೆಯಾಗಿ ಹೋದ ತಾಯಿಗೆ ಧಾರೆ ಸೀರೆ ಉಡಿಸಬೇಕೆಂದು ಟ್ರಂಕಿನ ತಳದವರೆಗೂ ಹುಡುಕಿದರೆ ಸೀರೆಯೇ ಇಲ್ಲ. ಗುಮಾನಿ ಮನೆಗೆಲಸದ ಫಕೀರವ್ವನ ಮೇಲೆ ಹೋಯಿತು. ಹನ್ನೊಂದು ವರ್ಷ ದುಡಿದ ಆಕೆಯನ್ನು ಕೆಲಸದಿಂದ ಬಿಡಿಸಿಯೂ ಬಿಟ್ಟರು.

ಇದಾಗಿ ಮೂರು ವರ್ಷ. ಈಗ ಅಜ್ಜನವರ ರಿಪೋರ್ಟು ಹಿಡಿದು ಡಾಕ್ಟರರು ತಾವೇ ಮಠಕ್ಕೆ ಬಂದರು. ಅನ್ನನಾಳದಲ್ಲಿ ಅದೇ ರೋಗ, ಕೈಮೀರಿತ್ತು. ಮಠದ ಹಿರಿಯ ಭಕ್ತ ಮುರಗಯ್ಯನವರಿಗೆ ಬಾಗಿಲಲ್ಲೇ ಪಿಸುದನಿಯಲ್ಲಿ ಹೇಳಿದರು. "ಅಜ್ಜಾರಿಗೆ ಮಾತ್ರ ಹೇಳಬ್ಯಾಡ್ರಿ ಸಾಹೇಬ್ರ" ಎಂದು ಮುರಗಯ್ಯನವರು ಕೈಮುಗಿದರು.

"ಅದನ್ನ ನನಗ ಬಿಡ್ರಿ" ಎಂದರು ಡಾಕ್ಟರರು.

ಬೇವಿನ ಕೆಳಗೆ ಅಜ್ಜನವರು ಒಂದು ಕೌದಿಯ ಕೊನೆಯ ಅಂಚು ಹೊಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು: "ಇದು ಇವತ್ತ ಮುಗೀತದ, ತಮ್ಮಾ. ಇನ್ನೊಂದು ಹಿಡೀಲೋ, ಬ್ಯಾಡೋ?"

"ಒಂದ್ಯಾಕ, ಹತ್ತು ಹಿಡೀರಿ ಅಜ್ಜಾರ. ಬರೇ ಹುಣ್ಣು ಆಗೇದ, ಗುಳಗಿಗೆ ಹೋಗತದ."

ಸೂಜಿ ನಿಂತಿತು. ಅಜ್ಜನವರು ಡಾಕ್ಟರರ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲನೆದ್ದು ಒಳಗೆ ಹೋಗಿ, ಬಿಳಿ ಅರಿವೆಯಲ್ಲಿ ಸುತ್ತಿಟ್ಟ ಕೌದಿಯೊಂದನ್ನು ತಂದು ಅವರ ಮಡಿಲಲ್ಲಿ ಬಿಚ್ಚಿದರು.

ಇಳಕಲ್ಲ ಸೀರೆಯ ಕೆಂಪು ಸೆರಗು. ಅದರ ಮೂಲೆಯಲ್ಲಿ ಅಂಗೈಯಗಲದ ಮಸಿಯ ಕಲೆ. ಎರಡನೆಯ ಇಯತ್ತೆಯಲ್ಲಿದ್ದಾಗ ದೌತಿ ಉರುಳಿಸಿ ಆ ಕಲೆ ಮಾಡಿದವರು ಶಂಭುಲಿಂಗರೇ. ಅದು ತಾಯಿಯ ಧಾರೆ ಸೀರೆ. ಬದುಕಿರುವ ಹೆಣ್ಣುಮಗಳ ಧಾರೆ ಸೀರೆಗೆ ಕತ್ತರಿ ತಾಕಿಸಬಾರದೆಂಬುದು ಆ ಊರ ಕಡೆಯ ಕಟ್ಟುಪಾಡು. ಹೋದವರ ಸೀರೆಗಷ್ಟೇ ಕತ್ತರಿ.

"ಯಾರು ಕತ್ತರಿಸಿದರು ಇದನ್ನ?" ಎಂದರು.

"ಆಕೀನ. ಇಲ್ಲೇ ಕುಂತು. ಏಳು ತಿಂಗಳು ಹೊಲದಳು."

"ಆಕಿಗೆ ಗೊತ್ತಿರಲಿಲ್ಲರೀ ಅಜ್ಜಾರ."

"ಸಕ್ಕರಿ ರೋಗದಾಕಿ. ಬೆಲ್ಲದ ಚೂರು ಬಾಯಿಗಿಟ್ಟರ ಇಪ್ಪತ್ತು ವರ್ಷ ಬೈದಿ. ಒಂದಿನ ನೀನ ಕರದಂಟು ತಂದು ಕೈಯಾಗ ಕೊಟ್ಟಿ. 'ಮಗ ಬೈಯೂದು ಬಿಟ್ಟಾನ್ರೀ ಅಜ್ಜಾರ, ನಂದು ಮುಗೀತು' ಅಂತ ಅವತ್ತ ಬಂದು ಹೇಳಿದಳು."

ಅಜ್ಜನವರು ಮುಂದುವರಿದರು.

"ನಿನ್ನ ಕೈ ಹಿಡಕೊಂಡು ಒಮ್ಮೆ ಅಳಬೇಕಂತ ಆಕಿಗೆ ಭಾಳ ಇತ್ತು. ಅತ್ತರ ನಿನ್ನ ಸುಳ್ಳು ಬಯಲಾಗಿ ನೀ ನೊಂದೀ ಅಂತ ಇಲ್ಲಿ ಬಂದು ಅತ್ತು, ಮಾರಿ ತೊಳಕೊಂಡು ಮನಿಗೆ ಹೋಗತಿದ್ದಳು. ನಿನಗ ಹೇಳಬಾರದಂತ ನನ್ನ ಕಡೆ ಆಣಿ ಹಾಕಿಸಿಕೊಂಡಿದ್ದಳು. ಇವತ್ತ ಮುರದೆ. ಆ ಪಾಪ ನನಗಿರಲಿ. ನೀ ಮತ್ತೊಬ್ಬರ ಮ್ಯಾಲೆ ಈ ಹೊರಿ ಹೊರಸಬ್ಯಾಡ."

ತಾಯಿಯನ್ನು ತಾನು ಕಾಪಾಡಿದೆ ಎಂದುಕೊಂಡಿದ್ದ ಮನುಷ್ಯನಿಗೆ, ಸಾಯುವ ತಾಯಿಯೇ ಏಳು ತಿಂಗಳು ತನ್ನನ್ನು ಕಾಪಾಡಿದಳೆಂದು ತಿಳಿದರೆ ಏನಾಗಬೇಡ? ಕೌದಿಯಲ್ಲಿ ಮುಖ ಮುಚ್ಚಿಕೊಂಡು, ನಲವತ್ತೆಂಟರ ಆ ಗಂಡಸು ಮಗುವಿನಂತೆ ಅತ್ತರು. ಅಜ್ಜನವರು ಬೆನ್ನ ಮೇಲೆ ಕೈಯಿಟ್ಟರು. ಕೊನೆಗೆ ಡಾಕ್ಟರರು ಕಣ್ಣೊರೆಸಿಕೊಂಡು, ಮೊದಲ ಸಲ ರೋಗಿಯ ಮುಖ ನೋಡಿ ನಿಜ ನುಡಿದರು.

"ಎರಡು ತಿಂಗಳು, ಅಜ್ಜಾರ. ಹೆಚ್ಚಂದರ ಮೂರು."

ಅಜ್ಜನವರ ಮುಖ ತಿಳಿಯಾಯಿತು. "ಹಂಗಾರ ಸಣ್ಣದೊಂದು ಹಿಡೀತೇನಿ, ಕೂಸಿಂದು. ದಾರ ಪೋಣಿಸಿ ಕೊಡು, ನನಗ ಕಣ್ಣು ಕಾಣವಲ್ವು."

ಡಾಕ್ಟರರು ಸೂಜಿಗೆ ದಾರ ಪೋಣಿಸಿ ಕೊಟ್ಟರು. ಹೋಗುವ ದಾರಿಯಲ್ಲಿ ಫಕೀರವ್ವನ ಮನೆ ಕೇಳಿಕೊಂಡು ಹೋಗಿ ಆಕೆಯ ಕಾಲು ಹಿಡಿದರು. ಆಕೆ ಗಾಬರಿಯಾಗಿ ಹಿಂದೆ ಸರಿದಳಂತೆ.

ಮರುದಿನ ಆಸ್ಪತ್ರೆಗೆ ಒಬ್ಬ ಹೆಣ್ಣುಮಗಳ ರಿಪೋರ್ಟು ಬಂತು. ಗಂಡ ಎಂದಿನಂತೆ ಒಬ್ಬನೇ ಒಳಗೆ ಬಂದು, "ಆಕಿಗೆ ಹೇಳಬ್ಯಾಡ್ರಿ, ತಡಕೊಳ್ಳಾಂಗಿಲ್ಲ" ಎಂದ. ಡಾಕ್ಟರರು ಅವನನ್ನು ಹೊರಗೆ ಕೂರಿಸಿ ಆಕೆಯನ್ನು ಕರೆದರು. ತಾವೇ ಸ್ಟೂಲು ಎಳೆದುಕೊಂಡು ಆಕೆಯ ಹತ್ತಿರ ಕುಳಿತರು.

"ರಿಪೋರ್ಟ್ ಬಂದದವ್ವಾ. ನಾ ಏನೇನು ಹೇಳಲಿ?"

ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ನನಗ ಗೊತ್ತದ್ರೀ ಸಾಹೇಬ್ರ. ಅವರಿಗೆ ಹೆಂಗ ಹೇಳೂದಂತ ತಿಳೀವಲ್ದಾಗಿತ್ತು. ನೀವೊಂದೀಟು ಹೇಳತೀರೇನು?"